ಐದನೆಯ ಕೈ

ಹನ್ನೊಂದನೇ ತಾರೀಖು, ಭಾನುವಾರ ಮಧ್ಯಾಹ್ನ

ನನ್ನ ಪಟಾಕಿಗೆ,

ಅಕ್ಕನ ಪ್ರೀತಿ. ಮಗಳು ಹೇಗಿದ್ದಾಳೆ? ಬಾಣಂತಿಯ ಬೆನ್ನುನೋವು ಇಳಿಯಿತೇ? ಮಗುವಿಗೆ ನಿನ್ನ ಗಂಟಲೇ ಬಂದಿದೆಯಂತೆ, ಅತ್ತರೆ ಕೆಳಗಿನ ಅಂಗಡಿಯವನು ತಲೆಯೆತ್ತಿ ನೋಡುತ್ತಾನಂತೆ, ನಿನ್ನ ಮಗಳೇ ಹೇಳಿದಳು. ಹಾಗಾದರೆ ಆ ಬೀದಿಯವರನ್ನು ದೇವರೇ ಕಾಪಾಡಬೇಕು. ನಾನು ಹೊಲಿದು ಕಳಿಸಿದ ನಾಲ್ಕು ಅಂಗಿ ಸರಿಯಾದವೇ? ಕಂಕುಳ ಹತ್ತಿರ ಸ್ವಲ್ಪ ಹೆಚ್ಚೇ ಬಟ್ಟೆ ಬಿಟ್ಟಿದ್ದೇನೆ, ಬಿಗಿಯಾದರೆ ಬಿಚ್ಚಿಕೊಳ್ಳಬಹುದು.

ಫೋನ್ ಇರುವಾಗ ಇವಳಿಗೆಲ್ಲಿಂದ ಬಂತು ಪತ್ರ ಬರೆಯುವ ರೋಗ ಅಂತ ನೀನು ಅಂದುಕೊಳ್ಳುತ್ತಿರಬೇಕು. ಈ ವಾರ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಒಂದೇ ವಿಷಯ ಹೇಳಲಿಕ್ಕೆ. ಮೊದಲ ಸಲ ನೀನು ಮಗುವಿನ ಬಿಕ್ಕಳಿಕೆ ಕೇಳಿಸಿದೆ. ಎರಡನೇ ಸಲ ನಮ್ಮ ಅರ್ಜಿ ಎಲ್ಲಿಗೆ ಬಂತು ಅಂತ ನೀನೇ ಕೇಳಿ, ನೀನೇ ಉತ್ತರ ಹೇಳಿ, ನೀನೇ ಫೋನ್ ಇಟ್ಟೆ. ಮೂರನೇ ಸಲ ಅದೇನಾಯಿತೋ, ನೀನು ಸುಮ್ಮನಿದ್ದೆ. ಏನೋ ಹೇಳೋಕೆ ಬಂದ ಹಾಗಿದೆ, ಹೇಳಕ್ಕಾ ಅಂದೆ. ಆಗ ನಾನು ಅಲ್ಲಿ ಬಿಸಿಲು ಹೇಗಿದೆ ಅಂತ ಕೇಳಿ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ಕಾಗದಕ್ಕೆ ನೀನು ನಡುವೆ ಬಾಯಿ ಹಾಕಲಾರೆ.

ಮೊದಲಿನಿಂದ ಹೇಳುತ್ತೇನೆ. ಗೊತ್ತಿದ್ದದ್ದನ್ನೇ ಅರೆಯುತ್ತಾಳೆ ಅಂತ ಬೈಯಬೇಡ. ಅದರಲ್ಲೊಂದು ನಿನಗೆ ಗೊತ್ತಿಲ್ಲದ್ದು ಇದೆ, ಅಲ್ಲಿಗೆ ಹೋಗಲು ನನಗೆ ಒಂದಿಷ್ಟು ಮೆಟ್ಟಿಲು ಬೇಕು.

ಬಾಡಿಗೆಗೆ ಇರುವವರ ಪರವಾಗಿ ಇಬ್ಬರು ಇನ್ನುಮುಂದೆ ವಸತಿ ಮಂಡಳಿಯಲ್ಲೇ ಕೂರಬಹುದು, ಮಿಕ್ಕ ಏಳು ಜನರ ಹಾಗೆ ಅವರಿಗೂ ಒಂದೊಂದು ಮತ ಅಂತ ಹೋದ ವರ್ಷ ನೋಟಿಸು ಅಂಟಿಸಿದಾಗ ನಾನು ಅಂಗಡಿಯಲ್ಲಿ ಯಾರದೋ ಪ್ಯಾಂಟಿಗೆ ಜಿಪ್ ಕೂರಿಸುತ್ತಿದ್ದೆ. ಹೋಗಿ ನನ್ನ ಹೆಸರು ಕೊಟ್ಟು ಬಂದವಳು ನೀನು. ಆರು ಬ್ಲಾಕು, ಒಂದೊಂದಕ್ಕೆ ನಾಲ್ಕು ಮಹಡಿ, ಲಿಫ್ಟು ಇದ್ದೂ ಇಲ್ಲ. ಆ ಮಂಡಿನೋವು ಇಟ್ಟುಕೊಂಡು ಅಷ್ಟೂ ಬಾಗಿಲು ತಟ್ಟಿದವಳು ನೀನು. ನಮ್ಮಕ್ಕನಿಗೆ ಹಾಕಿ, ಅವಳು ಅಳತೆ ತೆಗೆದರೆ ಕೂದಲೆಳೆಯಷ್ಟೂ ತಪ್ಪುವುದಿಲ್ಲ ಅಂತ ಸಾರಿದೆ. ನಾಲ್ಕನೇ ಬ್ಲಾಕಿನ ಆ ಕಿವುಡಜ್ಜನಿಗೂ ಮೂರು ಬ್ಲಾಕಿಗೆ ಕೇಳುವ ಹಾಗೆ ಹೇಳಿದೆ. ಗೆದ್ದ ದಿನ ಕುಣಿದವಳೂ ನೀನು. ಆ ಕುರ್ಚಿಯ ಮೇಲೆ ಕೂತವಳು ನಾನು, ಅಷ್ಟೇ. ಗೆದ್ದವಳು ನೀನೇ.

ಮೊದಲ ಸಭೆಯ ಕಥೆ ಇಡೀ ಕಾಲೊನಿಗೆ ಬಾಯಿಪಾಠ. ಉದ್ದನೆ ಮೇಜು, ಒಂಬತ್ತು ಕುರ್ಚಿ, ಪ್ರತಿಯೊಬ್ಬರ ಮುಂದೆ ಒಂದು ಮೈಕು, ಮುಚ್ಚಳ ಹಾಕಿದ ನೀರಿನ ಲೋಟ. ಅಧ್ಯಕ್ಷೆ ಹಿಂದೆ ಶಾಲೆಯಲ್ಲಿ ಹೆಡ್‌ಮಿಸ್ಟ್ರೆಸ್ ಆಗಿದ್ದವರು, ಕನ್ನಡಕದ ಮೇಲಿಂದ ನೋಡಿದರೆ ಸಾಕು, ಯಾರಾದರೂ ನೆಟ್ಟಗೆ ಕೂರುತ್ತಾರೆ. ಬ್ಲಾಕುಗಳಿಗೆ ಹೊರಗಿನಿಂದ ಬಣ್ಣ ಹೊಡೆಸುವ ವಿಷಯ ಬಂತು. ಸೂರು ಸೋರುವಾಗ ಬಣ್ಣ ಯಾಕೆ ಅಂತ ಕೇಳಬೇಕಿತ್ತು ನಾನು. ಶಾಲೆಯಲ್ಲಿ ಕಲಿತ ಬುದ್ಧಿ, ಮಾತಾಡಲು ಅಪ್ಪಣೆ ಬೇಕಲ್ಲ ಅಂತ ಕೈ ಎತ್ತಿದೆ. ಅದೇ ಹೊತ್ತಿಗೆ ಗುಮಾಸ್ತ ಒಪ್ಪಿದವರ ಕೈ ಎಣಿಸುತ್ತಿದ್ದ. ಐದು ಕೈ, ಬಣ್ಣ ಪಾಸು! ಕೇಳುವುದಿದ್ದರೆ ಮೈಕಿನ ಕೆಂಪು ಗುಂಡಿ ಒತ್ತಬೇಕಂತೆ, ಕೈ ಎತ್ತುವುದು ಮತಕ್ಕೆ ಮಾತ್ರವಂತೆ. ನನಗೆ ಅದನ್ನು ಹೇಳಿದವರು ಯಾರು? ಅದರಿಂದಾಗಿ ನಾವೆಲ್ಲ ಇವತ್ತು ಕೆಮ್ಮಿನ ಔಷಧಿಯ ಬಣ್ಣದ ಗೋಡೆಗಳ ಒಳಗೆ, ಸೋರುವ ಸೂರಿನ ಕೆಳಗೆ, ಬಕೆಟ್ ಇಟ್ಟುಕೊಂಡು ಬದುಕುತ್ತಿದ್ದೇವೆ. ಮೂರು ತಿಂಗಳು ನನ್ನನ್ನು ಬಣ್ಣದಮ್ಮ ಅಂತಲೇ ಕರೆದರು. ನೀನು ಎಲ್ಲರ ಮೇಲೂ ರೇಗಾಡಿ, ಮನೆಗೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಇನ್ನು ಆರು ವಾರದ ಹಿಂದಿನ ಸಭೆಯ ಆ ಏಳನೇ ವಿಷಯ.

ಆ ಸಭೆಯ ಕಾಗದ ಒಂದು ವಾರ ಮೊದಲೇ ನನ್ನ ಕೈಗೆ ಬಂದಿತ್ತು. ಎರಡು ಕೋಣೆ ಮನೆಯಲ್ಲಿ ಒಬ್ಬರೇ ಇರುವವರು ಮೂವತ್ತೊಂದು ಜನ. ಒಂದೇ ಕೋಣೆಯಲ್ಲಿ ಐದು ಜನರಿಗಿಂತ ಹೆಚ್ಚು ಇರುವ ಕುಟುಂಬಗಳು ನಲವತ್ತರ ಮೇಲೆ. ಒಂಟಿಯಾಗಿರುವವರು ಒಂದು ಕೋಣೆ ಮನೆಗೆ ಹೋಗಬೇಕು, ಅವರ ಮನೆಗಳನ್ನು ಆ ಕುಟುಂಬಗಳಿಗೆ ಕೊಡಬೇಕು. ಹಿಂದೆ ಪಟ್ಟಿ ಇತ್ತು. ಹತ್ತೊಂಬತ್ತನೇ ಸಾಲಿನಲ್ಲಿ ನಿನ್ನ ಮನೆ ನಂಬರು.

ಹೂಂ ಪಟಾಕಿ, ಒಂದು ವಾರ ಮೊದಲೇ ಗೊತ್ತಿತ್ತು. ಆ ಏಳು ದಿನವೂ ಸಂಜೆ ನಿನ್ನ ಮನೆಗೆ ಬಂದು ಟೀ ಕುಡಿದೆ. ಮಗಳು ಬಾಣಂತನ ಮುಗಿಸಿ ಮಗು ಎತ್ತಿಕೊಂಡು ಬಂದರೆ ಒಳಕೋಣೆಯಲ್ಲಿ ತೊಟ್ಟಿಲು ಯಾವ ಗೋಡೆಗೆ ಇಡೋಣ ಅಂತ ನೀನು ಕೇಳಿದೆ. ಕಿಟಕಿಗೆ ದೂರ ಇಡು, ಗಾಳಿ ಹೊಡೆಯುತ್ತೆ ಅಂದೆ. ಹೇಳಿ ಟೀ ಕುಡಿದೆ. ಕಾಗದದ ವಿಷಯ ಹೊರಗೆ ಹೇಳಬಾರದು ಅಂತ ಮೇಲೆ ಒಂದು ಸಾಲು ಅಚ್ಚಾಗಿತ್ತು. ಆ ಸಾಲಿನ ಹಿಂದೆ ನಾನು ಚೆನ್ನಾಗಿ ಅವಿತುಕೊಂಡೆ.

ಸಭೆಯಲ್ಲಿ ಎಂಜಿನಿಯರು ಓದಿ ಮುಗಿಸಿದರು. ನಮ್ಮ ಇನ್ನೊಬ್ಬ ಪ್ರತಿನಿಧಿ ವೈರ್‌ಮನ್ ಎದುರು ಕೂತಿದ್ದ. ಅವನ ಸೋದರತ್ತೆಯ ಮನೆಯೂ ಪಟ್ಟಿಯಲ್ಲಿತ್ತು. ನನ್ನನ್ನು ನೋಡಿ ಬೇಡ ಅಂತ ತಲೆಯಾಡಿಸಿದ. ನಾನು ಕೆಂಪು ಗುಂಡಿ ಒತ್ತಿದೆ. ಒತ್ತಿ, ಅರವತ್ತು ದಾಟಿದವರಿಗೆ ನೆಲಮಹಡಿಯೇ ಸಿಗಬೇಕು, ಅದೂ ಅವರದೇ ಬ್ಲಾಕಿನಲ್ಲಿ ಅಂತ ಕೇಳಿದೆ. ಬರೆದುಕೊಂಡರು. ಬಂದುಹೋಗುವ ಮಕ್ಕಳು ಮೊಮ್ಮಕ್ಕಳಿಗೆ ಬ್ಲಾಕಿಗೊಂದು ಕೋಣೆ ಬಿಡಿ ಅಂತ ಕೇಳಿದೆ. ಅದಕ್ಕೆ ಜಾಗ ಇಲ್ಲ ಅಂದರು. ಇನ್ನೊಂದು ಸಲ ಕೇಳಿದೆ, ಇಲ್ಲ ಅಂದರು. ಆಮೇಲೆ ಅಧ್ಯಕ್ಷೆ ಒಪ್ಪಿಗೆ ಇರುವವರು ಕೈ ಎತ್ತಿ ಅಂದರು.

ನಾಲ್ಕು ಕೈ ಮೇಲೆ ಹೋದವು. ನಾನು ಎಣಿಸಿದೆ. ನಾಲ್ಕಾದರೆ ಬೀಳುತ್ತದೆ, ಐದಾದರೆ ನಿಲ್ಲುತ್ತದೆ. ಮೈಕಿನ ಗುಂಡಿ ಯಾವುದಕ್ಕೆ, ಕೈ ಯಾವುದಕ್ಕೆ ಅಂತ ಅಷ್ಟರಲ್ಲಿ ನನಗೆ ಚೆನ್ನಾಗಿ ಗೊತ್ತಿತ್ತು. ಕೈ ಎತ್ತಿದೆ. ಗುಮಾಸ್ತ ನನ್ನ ತನಕ ಬಂದು ಎಣಿಸಿ ಬರೆದುಕೊಳ್ಳುವವರೆಗೂ ಇಳಿಸಲಿಲ್ಲ.

ಅದು ಮತ, ಪಟಾಕಿ. ಪ್ರಶ್ನೆ ಅಲ್ಲ.

ಈಗ ಕಾಗದ ಕೆಳಗಿಡು. ನೀರು ಕುಡಿ. ಮಗಳ ಮೇಲೆ, ಅಳಿಯನ ಮೇಲೆ ರೇಗಬೇಡ, ಅವರದೇನೂ ತಪ್ಪಿಲ್ಲ. ಆಮೇಲೆ ಮುಂದೆ ಓದು.

ಯಾಕೆ ಮಾಡಿದೆ ಅಂತ ಕೇಳುತ್ತೀಯ. ನನ್ನ ಮನೆಯ ಪಕ್ಕದ ಇಸ್ತ್ರಿಯವನ ಮನೆ ನಿನಗೆ ಹೊರಗಿನಿಂದ ಗೊತ್ತು. ನಮ್ಮಿಬ್ಬರ ಮನೆಯ ನಡುವೆ ಇರುವುದು ಗೋಡೆ ಅಂತ ಹೆಸರಿಗೆ ಮಾತ್ರ. ನನ್ನದರಷ್ಟೇ ಒಂದು ಕೋಣೆಯಲ್ಲಿ ಏಳು ಜನ. ಇಸ್ತ್ರಿ ಮೇಜೂ ಅಲ್ಲೇ. ಅವನ ತಾಯಿ ಎದ್ದು ಓಡಾಡಲಾರಳು, ಆ ಮೇಜಿನ ಕೆಳಗೇ ಹಾಸಿಗೆ. ಮೇಲೆ ಇಸ್ತ್ರಿ ಪೆಟ್ಟಿಗೆ ಕಾಯುತ್ತಿರುತ್ತದೆ, ಕೆಳಗೆ ಆ ಮುದುಕಿ ಬೆವರುತ್ತಾ ಮಲಗಿರುತ್ತಾಳೆ. ಹೆಣ್ಣುಮಕ್ಕಳಿಬ್ಬರು ಮೆಟ್ಟಿಲ ಮೇಲೆ ಕೂತು ಓದುತ್ತಾರೆ, ಯಾರಾದರೂ ಹತ್ತಿ ಬಂದರೆ ಪುಸ್ತಕ ಎತ್ತಿಕೊಂಡು ಗೋಡೆಗೆ ಒರಗುತ್ತಾರೆ. ಒಂಬತ್ತು ವರ್ಷದಿಂದ ಅರ್ಜಿ ಹಾಕಿಕೊಂಡಿದ್ದಾರೆ. ನನಗೆ ಮತ ಹಾಕಿದವರಲ್ಲಿ ಅವರೂ ಇದ್ದಾರೆ. ನೀನೇ ಹೋಗಿ ಕೇಳಿದ್ದೆ, ನಮ್ಮಕ್ಕ ನಿಮ್ಮ ಕಷ್ಟ ಹೇಳ್ತಾಳೆ ಅಂತ ಮಾತು ಕೊಟ್ಟಿದ್ದೆ.

ಇಷ್ಟಕ್ಕೇ ನಿಲ್ಲಿಸಿದರೆ ನಾನು ದೊಡ್ಡ ನ್ಯಾಯವಂತೆ ಆಗಿಬಿಡುತ್ತೇನೆ. ಆ ಕೈಯಲ್ಲಿ ಇನ್ನೊಂದೂ ಇತ್ತು. ನಿನ್ನ ಒಳಕೋಣೆಯ ಕಿಟಕಿಯಿಂದ ಮಧ್ಯಾಹ್ನ ಎಷ್ಟು ಒಳ್ಳೆ ಬೆಳಕು ಬರುತ್ತದೆ, ಗೊತ್ತಲ್ಲ. ನಾಲ್ಕು ವರ್ಷದ ಹಿಂದೆ ನನ್ನ ಕಣ್ಣು ಮಂಜಾಗಲು ಶುರುವಾದಾಗ, ಹೊಲಿಗೆ ಮೆಷಿನ್ನು ಅಲ್ಲಿ ಇಟ್ಟುಕೊಳ್ಳಲಾ ಅಂತ ಕೇಳಿದ್ದೆ. ನೆಂಟರು ಬಂದರೆ ಬೇಕಾಗುತ್ತಲ್ಲಕ್ಕಾ ಅಂದೆ. ನಾನೂ ಹೌದೌದು ಅಂದೆ. ನಿನಗೆ ಅದು ನೆನಪೂ ಇರಲಿಕ್ಕಿಲ್ಲ. ನನಗೆ ಮರೆಯಲಿಲ್ಲ. ಆ ಕೋಣೆಯಲ್ಲಿ ಒಂದು ಮಂಚ, ಒಂದು ಬೀರು, ಮಡಿಸಿಟ್ಟ ಹಾಸಿಗೆ, ವರ್ಷಕ್ಕೆ ಎರಡು ಸಲ ಬರುವ ನೆಂಟರು. ನಾನು ಮಾತ್ರ ಟ್ಯೂಬ್‌ಲೈಟಿನ ಕೆಳಗೆ ಕಣ್ಣು ಕಿರಿದು ಮಾಡಿಕೊಂಡು ಸೂಜಿಗೆ ದಾರ ಪೋಣಿಸುವುದು. ಕೈ ಎತ್ತಿದಾಗ ಅದರಲ್ಲಿ ಎಷ್ಟು ಪಾಲು ಇಸ್ತ್ರಿಯವನ ತಾಯಿ, ಎಷ್ಟು ಪಾಲು ಹೊಟ್ಟೆಕಿಚ್ಚು ಅಂತ ಈ ಆರು ವಾರದಿಂದ ಅಳೆಯುತ್ತಿದ್ದೇನೆ. ಅಳತೆಗೆ ಸಿಗುತ್ತಿಲ್ಲ. ಹೊಟ್ಟೆಕಿಚ್ಚು ಇರಲೇ ಇಲ್ಲ ಅಂತ ಮಾತ್ರ ಹೇಳಲಾರೆ.

ಸಭೆ ಮುಗಿದ ಮೇಲೆ ನೇರವಾಗಿ ನಿನ್ನ ಮನೆಗೇ ಬಂದು ಹೇಳಬೇಕು ಅಂತ ಬಸ್ಸಿನಲ್ಲಿ ಕೂತು ಮಾತು ಜೋಡಿಸಿಕೊಂಡಿದ್ದೆ. ಆಣೆ ಮಾಡಿ ಹೇಳುತ್ತೇನೆ, ಜೋಡಿಸಿಕೊಂಡಿದ್ದೆ. ಆದರೆ ವೈರ್‌ಮನ್ ಸ್ಕೂಟರಿನಲ್ಲಿ ಮೊದಲೇ ಬಂದು ಎಲ್ಲರಿಗೂ ಒದರಿಬಿಟ್ಟಿದ್ದ. ನಾನು ಬಸ್ಸಿಳಿಯುವ ಹೊತ್ತಿಗೆ ಗೇಟಿನ ಹತ್ತಿರ ಇಪ್ಪತ್ತು ಜನ ಸೇರಿದ್ದರು. ಎಲ್ಲರಿಗೂ ಮುಂದೆ ನೀನು, ಸೊಂಟಕ್ಕೆ ಕೈ ಕೊಟ್ಟುಕೊಂಡು.

ಬೈಯುತ್ತೀಯ ಅಂತ ಕಾದೆ. ನೀನು ಬೈದಿದ್ದರೆ ಎಲ್ಲ ಅಲ್ಲೇ ಮುಗಿಯುತ್ತಿತ್ತು. ನೀನು ಬೈಯಲಿಲ್ಲ. ಆ ಜನರ ಕಡೆ ತಿರುಗಿ, ನಮ್ಮಕ್ಕ ಮತ್ತೆ ಪ್ರಶ್ನೆ ಕೇಳೋಕೆ ಕೈ ಎತ್ತಿದಾಳೆ, ಆ ಮಂಕು ಗುಮಾಸ್ತ ಮತ್ತೆ ಎಣಿಸಿಬಿಟ್ಟಿದಾನೆ, ಬಣ್ಣದ ದಿನ ಆಗಿದ್ದೇ ಇವತ್ತೂ ಆಗಿದೆ ಅಂದೆ. ನನ್ನನ್ನು ಒಂದು ಮಾತು ಕೇಳದೆಯೇ ಅಂದೆ. ಆಮೇಲೆ ನನ್ನ ಭುಜ ಹಿಡಿದು, ಅಲ್ವಾ ಅಕ್ಕಾ ಅಂದೆ.

ನಾನು ಹೂಂ ಅಂದೆ.

ಅಷ್ಟೇ ನಾನು ಆಡಿದ ಸುಳ್ಳು, ಒಂದು ಹೂಂ. ಆದರೆ ಅದು ನಡೆದ ದೂರ ನೋಡು. ನೀನು ಮೂರೇ ದಿನದಲ್ಲಿ ಅರ್ಜಿ ಬರೆಸಿದೆ. ನಮ್ಮ ಪ್ರತಿನಿಧಿಯ ಕೈಯನ್ನು ತಪ್ಪಾಗಿ ಎಣಿಸಲಾಗಿದೆ, ಅದನ್ನು ಬಿಟ್ಟು ಎಣಿಸಿದರೆ ನಾಲ್ಕಕ್ಕೆ ನಾಲ್ಕು, ಸಮಸಮ ಬಂದರೆ ವಿಷಯ ಬಿದ್ದ ಹಾಗೆ ಅಂತ. ಅರವತ್ತೆರಡು ಸಹಿ. ಮತ್ತೆ ಅದೇ ಮೆಟ್ಟಿಲು, ಅದೇ ಮಂಡಿನೋವು. ಎಲ್ಲರ ಮನೆಯಲ್ಲೂ ನನ್ನ ಪರವಾಗಿ ಜಗಳವಾಡಿದೆ. ಅಕ್ಕ ದಡ್ಡಿ ಇರಬಹುದು, ಬೆನ್ನಿಗೆ ಚೂರಿ ಹಾಕುವವಳಲ್ಲ ಅಂತ ಹೇಳಿದೆಯಂತೆ. ಆಮೇಲೆ ಮಗಳಿಗೆ ಹೆರಿಗೆಯಾಯಿತು ಅಂತ ಫೋನ್ ಬಂತು, ನೀನು ಹೊರಟೆ. ಬಸ್ಸಿನ ಕಿಟಕಿಯಿಂದ, ಅಕ್ಕಾ, ನನ್ನ ಮನೆ ನಿನ್ನ ಕೈಯಲ್ಲಿದೆ ಅಂತ ನಗುತ್ತಾ ಕೂಗಿದೆ. ಬಸ್ಸು ಹೋದದ್ದೇ ಒಳ್ಳೆಯದಾಯಿತು ಅನ್ನಿಸಿತು, ಅಷ್ಟು ನಾಚಿಕೆಗೆಟ್ಟವಳು ನಾನು.

ಕಾರ್ಯದರ್ಶಿಯ ಪತ್ರ ಹೋದ ಸೋಮವಾರ ಬಂತು. ಅಂದು ನೀವು ಕೈ ಎತ್ತಿದ್ದು ಮತಕ್ಕೋ ಪ್ರಶ್ನೆಗೋ ಅಂತ ಬರೆದು ಸಹಿ ಮಾಡಿ ಕೊಡಿ, ಇದೇ ಹದಿನಾರನೇ ತಾರೀಖು ಶುಕ್ರವಾರ ಕೊನೆ ದಿನ, ನಿಮ್ಮ ಮಾತನ್ನೇ ಮಂಡಳಿ ಒಪ್ಪುತ್ತದೆ. ಬಣ್ಣದ ಕಥೆ ಅವರಿಗೂ ಗೊತ್ತು, ಆದ್ದರಿಂದ ಪ್ರಶ್ನೆ ಅಂದರೆ ಒಬ್ಬರೂ ಹುಬ್ಬು ಏರಿಸುವುದಿಲ್ಲ. ನಿನ್ನ ಮನೆ ಉಳಿಯುತ್ತದೆ. ಮೂವತ್ತೊಂದು ಮನೆಯವರು ನನ್ನನ್ನು ಹೊತ್ತು ಮೆರೆಸುತ್ತಾರೆ. ಮುಂದಿನ ಸಲವೂ ಗೆಲ್ಲುತ್ತೇನೆ. ಒಂದು ಪದ ಬರೆದರೆ ಸಾಕು.

ಬುಧವಾರ ಇಸ್ತ್ರಿಯವನ ಹೆಂಡತಿ ಅಂಗಡಿಗೆ ಬಂದಳು. ದೊಡ್ಡ ಮಗಳ ಯೂನಿಫಾರಂ ಲಂಗದ ಅಂಚು ಬಿಚ್ಚಿ ಉದ್ದ ಮಾಡಿಕೊಡಿ ಅಂತ. ಅಂಚಿನಲ್ಲಿ ಬಿಚ್ಚಲು ಬಟ್ಟೆಯೇ ಉಳಿದಿರಲಿಲ್ಲ, ಬೇರೆ ಪಟ್ಟಿ ಸೇರಿಸಿ ಕೊಡುತ್ತೇನೆ ಅಂದೆ. ಹೋಗುವವಳು ಬಾಗಿಲಲ್ಲಿ ನಿಂತಳು. ಅಕ್ಕಾ, ಅದು ನಿಜವಾಗಲೂ ಪ್ರಶ್ನೆಯೇನಾ ಅಂತ ಕೇಳಿದಳು. ಸಿಟ್ಟಿಲ್ಲ, ಅಳುವಿಲ್ಲ, ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದ ಹಾಗೆ ಕೇಳಿದಳು. ಆರು ವಾರದಲ್ಲಿ ಇಡೀ ಕಾಲೊನಿಯಲ್ಲಿ ನನ್ನನ್ನು ಕೇಳಿದವಳು ಅವಳೊಬ್ಬಳೇ. ಬೇರೆಯವರೆಲ್ಲ ನೀನು ಹೇಳಿದ್ದನ್ನು ನಂಬಿದ್ದರು. ನಾಳೆ ಬಾ, ಲಂಗ ಆಗಿರುತ್ತೆ ಅಂದೆ. ಅವಳು ಸರಿ ಅಂತ ಹೋದಳು.

ಪಟಾಕಿ, ನಿನ್ನ ಕೋಣೆ ಕಿತ್ತುಕೊಂಡದ್ದು ತಪ್ಪೋ ಸರಿಯೋ, ನನಗೆ ಇನ್ನೂ ಪೂರ್ತಿ ಗೊತ್ತಿಲ್ಲ. ಅದನ್ನು ನಿನಗೆ ಹೇಳದೆ ಮಾಡಿದ್ದು ತಪ್ಪು. ಮಾಡಿದ ಮೇಲೆ ನಿನ್ನ ಬಾಯಲ್ಲಿ ಸುಳ್ಳು ಹೇಳಿಸಿದ್ದು ಅದಕ್ಕಿಂತ ದೊಡ್ಡ ತಪ್ಪು. ನೀನು ಹುಟ್ಟಿದಾಗಿನಿಂದ ಒಂದು ಸುಳ್ಳು ಹೇಳಿದವಳಲ್ಲ, ಹೇಳಲು ನಿನಗೆ ತಾಳ್ಮೆಯೇ ಇಲ್ಲ. ಅರವತ್ತೆರಡು ಬಾಗಿಲಲ್ಲಿ ನಿನ್ನಿಂದ ಅದನ್ನು ಹೇಳಿಸಿದವಳು ನಾನು. ಅದಕ್ಕೆ ನಿನ್ನ ಕಾಲು ಹಿಡಿದರೂ ಕಡಿಮೆಯೇ.

ಮಗು ಬಂದರೆ ಎಲ್ಲಿ ಮಲಗಿಸುವುದು ಅಂತ ನೀನು ಕೇಳುವ ಮೊದಲೇ ಹೇಳುತ್ತೇನೆ. ನಿನಗೆ ಕೊಡುವ ಒಂದು ಕೋಣೆ ಮನೆ ನಿನ್ನದೇ ಬ್ಲಾಕಿನ ಹಿಂಬದಿಯದು, ನೆಲಮಹಡಿ. ನೋಡಿ ಬಂದೆ. ಗೋಡೆ ಗಟ್ಟಿಯಿದೆ, ನಲ್ಲಿಯಲ್ಲಿ ನೀರು ಬರುತ್ತದೆ, ಬಾಗಿಲು ಸ್ವಲ್ಪ ಎಳೆಯುತ್ತದೆ, ಬಡಗಿಗೆ ಹೇಳಿದ್ದೇನೆ. ಮಗಳೂ ಮಗುವೂ ಬಂದ ದಿನ ನೀವು ಮೂವರೂ ಅಲ್ಲಿ ಇಕ್ಕಟ್ಟಾದರೆ ನನ್ನ ಮನೆ ತೆಗೆದುಕೊಳ್ಳಿ, ನಾನು ಅಂಗಡಿಯಲ್ಲಿ ಮಲಗುತ್ತೇನೆ. ಇದರಿಂದ ನಿನ್ನ ಒಳಕೋಣೆ ತುಂಬುವುದಿಲ್ಲ ಅಂತ ನನಗೂ ಗೊತ್ತು. ನಿನ್ನ ಮನೆಯವರು ಇದ್ದಾಗ ಆ ಗೋಡೆಗೆ ಕೈಯಾರೆ ಹೊಡೆದ ಕಪಾಟು ಅಲ್ಲಿಗೆ ಬರುವುದಿಲ್ಲ ಅಂತಲೂ ಗೊತ್ತು. ಅಳತೆ ತೆಗೆದು ನೋಡಿದೆ. ಬರುವುದಿಲ್ಲ.

ಕಾರ್ಯದರ್ಶಿಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ನಿನಗೆ ಹೇಳದೆ ಕೊಡಬಾರದು ಅಂತ ಇಟ್ಟುಕೊಂಡಿದ್ದೇನೆ. ಈ ಕಾಗದ ಮಂಗಳವಾರ ನಿನ್ನ ಕೈ ಸೇರುತ್ತದೆ. ಓದಿ, ಬೈಯುವಷ್ಟು ಬೈದು, ನಿನ್ನ ಮನಸ್ಸಿನಲ್ಲಿ ಇರುವುದನ್ನು ಹೇಳು. ಶುಕ್ರವಾರದ ತನಕ ಕಾಯುತ್ತೇನೆ.

ಮಗುವಿಗೆ ಎಣ್ಣೆ ಹಚ್ಚುವಾಗ ಕಿವಿಗೆ ಹೋಗದಂತೆ ನೋಡಿಕೋ. ನೀನು ಅವಸರದವಳು.

ನಿನ್ನ ಬೈಗುಳಕ್ಕೂ ನಿನಗೂ ಕಾದಿರುವ,
ಅಕ್ಕ

ತಾ.ಕ.: ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿದೆ. ಇಷ್ಟೆಲ್ಲ ನಿಜ ಬರೆದು ಕೊನೆಯಲ್ಲಿ ಒಂದು ಸುಳ್ಳು ಸೇರಿಸಿಬಿಟ್ಟಿದ್ದೇನೆ. ಶುಕ್ರವಾರದ ತನಕ ಕಾಯುತ್ತೇನೆ ಅಂದೆನಲ್ಲ, ಕಾಯುತ್ತಿಲ್ಲ. ಮತ ಅಂತ ಬರೆದು ಸಹಿ ಹಾಕಿ ಹೋದ ಗುರುವಾರ ಬೆಳಿಗ್ಗೆಯೇ ಕಾರ್ಯದರ್ಶಿಯ ಕೈಗೆ ಕೊಟ್ಟಾಯಿತು. ಮೊದಲು ನಿನ್ನನ್ನು ಕೇಳಿದ್ದರೆ, ನೀನು ಒಂದೇ ಒಂದು ಸಲ ಅಕ್ಕಾ ಅಂದಿದ್ದರೆ, ಪ್ರಶ್ನೆ ಅಂತಲೇ ಬರೆದುಕೊಟ್ಟುಬಿಡುತ್ತಿದ್ದೆ. ಅದು ನನಗೆ ಗೊತ್ತಿತ್ತು. ಅದಕ್ಕೇ ನಿನ್ನನ್ನು ಕೇಳಲಿಲ್ಲ.